ಘಟ್ಟ ಇಳಿಯುವ ಮುಂಚೆ: ಕಡಲ ಗಾಳಕ್ಕೆ ಮನೆಯಲ್ಲೇ ಆಗಬೇಕಾದ ಕೆಲಸ

ತುಂಗೆಯಲ್ಲೋ ಲಿಂಗನಮಕ್ಕಿ ಹಿನ್ನೀರಿನಲ್ಲೋ ವರ್ಷಗಟ್ಟಲೆ ಗಾಳ ಹಾಕಿ ಕೈ ಪಳಗಿದವರು ನಾಲ್ಕೈದು ಜನ ಸೇರಿ, ಹೊನ್ನಾವರದಲ್ಲೋ ಮುರುಡೇಶ್ವರದಲ್ಲೋ ಮಲ್ಪೆಯಲ್ಲೋ ಬೋಟು ಬಾಡಿಗೆಗೆ ಹಿಡಿದು ಕಡಲಿಗೆ ಹೋಗುತ್ತಾರೆ. ಬೆಳಗ್ಗೆ ಎಂಟರ ಹೊತ್ತಿಗೆ ಯಾರದೋ ರಾಡು ಬಾಗುತ್ತದೆ, ರೀಲು ಹತ್ತು ಸೆಕೆಂಡು ಕಿರುಗುಟ್ಟುತ್ತದೆ, ಆಮೇಲೆ ದಾರ ಸಡಿಲ. "ಭಾರಿ ದೊಡ್ಡದಿತ್ತು ಮಾರಾಯ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಆ ಮೀನು ಕೈಬಿಟ್ಟು ಹೋಗಿದ್ದು ಹಿಂದಿನ ವಾರವೇ, ಜಗಲಿಯಲ್ಲಿ ಕೂತು ಗಂಟು ಹಾಕುವಾಗ, ರೀಲಿನ ಡ್ರ್ಯಾಗನ್ನು (ಮೀನು ಎಳೆದಾಗ ದಾರ ಎಷ್ಟು ಬಿಗಿಗೆ ಜಾರಬೇಕು ಅನ್ನುವ ತಡೆಯನ್ನು) ಕೈಯಂದಾಜಿನಲ್ಲಿ ತಿರುಗಿಸುವಾಗ. ಕಡಲ ಮೇಲೆ ಸಿಗುವುದು ಆರೇಳು ಗಂಟೆ. ಓಲಾಡುವ ಬೋಟಿನಲ್ಲಿ ಒದ್ದೆ ಕೈಯಲ್ಲಿ ಈ ಕೆಲಸ ನೆಟ್ಟಗಾಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ಘಟ್ಟದ ಮೇಲಿನ ಕೆಲಸ.

ಕಡಲಿಗೂ ಮಲೆನಾಡಿಗೂ ಗಾಳದ ಕಾಲ ತಿರುಗುಮುರುಗು. ಮುಂಗಾರು ಹಿಡಿದು ಹಳ್ಳಕ್ಕೆ ಹೊಸ ನೀರು ಬಂದು ಹತ್ತುಮೀನು ಗದ್ದೆಗೇರುವ ಹೊತ್ತಿಗೆ ಕೆಳಗೆ ಕಡಲು ಮುಚ್ಚಿರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. (ಮೊಟ್ಟೆಯಿಡಲು ಏರಿ ಬರುವ ಹತ್ತುಮೀನಿಗೂ ಅಂಥದೇ ರಕ್ಷಣೆ ಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೊಟ್ಟೆ ತುಂಬ ಮೊಟ್ಟೆಯಿದ್ದ ಮೀನನ್ನು ಕೂಣಿಗೆ (ಮೀನು ಹಿಡಿಯುವ ಬುಟ್ಟಿಗೆ) ಬೀಳಿಸಿಕೊಂಡು, ಮೂರು ವರ್ಷದ ಮೇಲೆ ಹೊಳೆಯಲ್ಲಿ ಮೀನೇ ಇಲ್ಲ ಅಂತ ಕೊರಗಿದರೆ ಏನು ಬಂತು.) ಆಗಸ್ಟ್, ಸೆಪ್ಟೆಂಬರಿನಲ್ಲೂ ಅಲೆ ಒರಟು, ಘಟ್ಟದಿಂದ ಇಳಿದ ಕೆನ್ನೀರು ದಡದುದ್ದಕ್ಕೂ ಹರಡಿಕೊಂಡಿರುತ್ತದೆ. ನೀರು ತಿಳಿಯಾಗುವುದು ಅಕ್ಟೋಬರ್ ಕಳೆದ ಮೇಲೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಅಡಿಕೆ ಕೊಯ್ಲೂ ಆಗಲೇ ಬರುತ್ತದೆ ಅನ್ನುವುದೊಂದು ತೊಡಕು. ಕೊನೆಗಾರ ಸಿಗುವ ದಿನಕ್ಕೂ ಬೋಟು ಸಿಗುವ ದಿನಕ್ಕೂ ಜಗಳ ತಪ್ಪಿದ್ದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ ಇಲ್ಲದ ದಿನವೂ ದೂರದಿಂದ ಉದ್ದನೆಯ ಅಲೆ ಬಂದು ದಡಕ್ಕೆ ಬಡಿಯುವುದುಂಟು. ಆಕಾಶ ತಿಳಿಯಾಗಿದೆ ಅಂತ ಆ ಕಾಲದಲ್ಲಿ ನಂಬಿ ಹೊರಡಬಾರದು.

ಬೋಟು ಗೊತ್ತು ಮಾಡುವಾಗ ಫೋನಿನಲ್ಲಿ ದರ ಒಂದನ್ನೇ ಕೇಳಿ ಬಿಡುತ್ತಾರೆ. ದರಕ್ಕಿಂತ ಮುಂಚೆ ಕೇಳಬೇಕಾದ್ದು ಬೇರೆ ಇದೆ. ಎಂಜಿನ್ ಎಷ್ಟು, ಒಂದೇ ಆದರೆ ಅದು ಕೆಟ್ಟಾಗ ಏನು ವ್ಯವಸ್ಥೆ? ಲೈಫ್ ಜಾಕೆಟ್ ತಲೆಗೊಂದು ಇದೆಯೋ, ಬಕಲ್ ಎಲ್ಲ ಸರಿಯಿದೆಯೋ? ವಿಎಚ್‌ಎಫ್ ರೇಡಿಯೋ ಇದೆಯೋ, ಬರೀ ಮೊಬೈಲನ್ನೇ ನಂಬಿದ್ದಾರೋ? ದಡದಿಂದ ಸ್ವಲ್ಪ ದೂರ ಹೋದರೆ ಸಿಗ್ನಲ್ ಹೋಗುತ್ತದೆ. ಆಳ ತೋರಿಸುವ ಫಿಶ್‌ಫೈಂಡರ್, ಜಿಪಿಎಸ್ ಇದೆಯೋ? ನೆರಳಿಗೆ ಮಾಡು, ಮೀನಿಗೆ ಐಸು ಯಾರದು? ಹಿಡಿದ ಮೀನು ಯಾರಿಗೆ? ಕಡಲು ಕೆಟ್ಟರೆ ಮುಂಗಡ ವಾಪಸು ಬರುತ್ತದೋ, ದಿನ ಮುಂದಕ್ಕೆ ಹೋಗುತ್ತದೋ? ಈ ಕೊನೆಯದನ್ನು ಮೊದಲೇ ಮಾತಾಡಿಕೊಂಡಿರದಿದ್ದರೆ, 150 ಕಿಲೋಮೀಟರ್ ಬಂದಾಗಿದೆ ಅನ್ನುವ ಒಂದೇ ಕಾರಣಕ್ಕೆ ಎಲ್ಲರೂ ಸೇರಿ ಹೋಗಬಾರದ ದಿನ ಹೋಗುತ್ತಾರೆ. ಬೋಟು ನಡೆಸುವ ತಾಂಡೇಲ "ಇವತ್ತು ಬೇಡ ಅಣ್ಣ" ಅಂದರೆ ಅಲ್ಲಿಗೆ ಮುಗಿಯಿತು, ಒತ್ತಾಯ ಮಾಡಬಾರದು.

ಹವಾಮಾನವನ್ನು ಮೂರು ದಿನ ಮುಂಚಿನಿಂದಲೇ ನೋಡುತ್ತಾ ಬನ್ನಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿ, ಪ್ರವಾಹದ ಮುನ್ಸೂಚನೆ ಕೊಡುತ್ತದೆ. ಅಲೆ ಒಂದು ಮೀಟರಿನೊಳಗಿದ್ದರೆ ಹೊಸಬರಿಗೆ ಅಡ್ಡಿಯಿಲ್ಲ. ಒಂದೂವರೆ ದಾಟಿದರೆ ಸಣ್ಣ ಬೋಟಿನಲ್ಲಿ ನಿಂತು ಗಾಳ ಹಾಕುವುದೇ ಕಷ್ಟ. ಬೆಳಗಿನ ಜಾವ ನೆಲದ ಕಡೆಯಿಂದ ಕಡಲಿಗೆ ಬೀಸುವ ಗಾಳಿ ಮೆಲುವಾಗಿರುತ್ತದೆ. ಹೊತ್ತೇರಿ ನೆಲ ಕಾದಂತೆ ಗಾಳಿ ತಿರುಗಿ ಪಡುವಣದಿಂದ ಬೀಸತೊಡಗುತ್ತದೆ, ಮಧ್ಯಾಹ್ನಕ್ಕೆ ನೀರು ಕುಪ್ಪಳಿಸುತ್ತದೆ. ಆರಕ್ಕೆ ಹೊರಟು ಒಂದರೊಳಗೆ ವಾಪಸಾಗುವ ಪದ್ಧತಿ ಬಂದದ್ದು ಇದರಿಂದಲೇ. ಕರಾವಳಿ ಕಾವಲು ಪಡೆಯ 1554, ಕರಾವಳಿ ಪೊಲೀಸಿನ 1093, ಈ ಎರಡು ನಂಬರು ಎಲ್ಲರ ಫೋನಿನಲ್ಲೂ ಇರಲಿ. ಎಲ್ಲಿಂದ ಹೊರಟು ಎಷ್ಟು ಗಂಟೆಗೆ ಬರುತ್ತೀರಿ ಅನ್ನುವುದು ದಡದಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಹೊನ್ನಾವರದಿಂದ ಹೊರಡುವವರಿಗೆ ಅಳಿವೆಯ ವಿಚಾರ ಬೇರೆಯೇ ಇದೆ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿದ ನಮ್ಮ ಶರಾವತಿ ಕಡಲು ಸೇರುವ ಬಾಯಿಯದು. ಅಲ್ಲಿ ಮರಳಿನ ದಿಬ್ಬ ಒಂದೇ ಕಡೆ ನಿಲ್ಲುವುದಿಲ್ಲ. ಇಳಿತದ ನೀರು ಹೊರಕ್ಕೆ ರಭಸದಿಂದ ಹೋಗುವಾಗ ಎದುರಿನಿಂದ ಅಲೆ ಬಂದರೆ ಎರಡೂ ಡಿಕ್ಕಿಯಾಗಿ ಅಲೆ ಕಡಿದಾಗಿ ಏಳುತ್ತದೆ, ಮುರಿಯುತ್ತದೆ. ದೋಣಿ ಮಗುಚುವ ಜಾಗ ಅದು. ಅಳಿವೆ ದಾಟಿ ಮುಗಿಯುವವರೆಗೆ ಎಲ್ಲರೂ ಕೂತಿರಬೇಕು, ಜಾಕೆಟ್ ಮೈಮೇಲೆ ಇರಬೇಕು, ರಾಡು ಕೈಯಲ್ಲಿರಬಾರದು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಕಳೆದ ವಾರ ಸರಿಯಿದ್ದ ಹೊತ್ತು ಈ ವಾರಕ್ಕೆ ಸರಿಯಾಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಹೆಚ್ಚು.

ರೀಲು, ದಾರ, ತಕ್ಕಡಿ

ಹೊಳೆಗೆ ಒಯ್ಯುವ ರೀಲನ್ನೇ ಕಡಲಿಗೂ ಒಯ್ಯಬಹುದೇ ಅಂದರೆ, ಒಂದು ದಿನಕ್ಕೆ ಒಯ್ಯಬಹುದು, ಎರಡನೆಯ ದಿನಕ್ಕೆ ಅದು ತಿರುಗಿದರೆ ನಿಮ್ಮ ಅದೃಷ್ಟ. ಉಪ್ಪುನೀರಿಗೆಂದೇ ಮಾಡಿದ ರೀಲಿನಲ್ಲಿ ಬೇರಿಂಗಿಗೂ ಡ್ರ್ಯಾಗ್ ವಾಷರಿಗೂ ನೀರು ಹೋಗದ ಸೀಲ್ ಇರುತ್ತದೆ. ಜಿಗ್ಗಿಂಗಿಗೆ (ಜಿಗ್ ಅನ್ನುವ ಮೀನಿನಾಕಾರದ ಲೋಹದ ತುಂಡನ್ನು ತಳಕ್ಕೆ ಬಿಟ್ಟು ಎತ್ತಿ ಇಳಿಸುವುದಕ್ಕೆ) 5000ದಿಂದ 6000 ಅಳತೆಯದು, ಆರರಿಂದ ಆರೂವರೆ ಅಡಿಯ ಗಟ್ಟಿ ರಾಡು ಸಾಕು. ದಡದಿಂದ ದೂರ ಎಸೆಯಲು ಉದ್ದ ರಾಡು ಬೇಕು, ಬೋಟಿನಲ್ಲಿ ನೇರ ಕೆಳಗೆ ಬಿಡುವುದಕ್ಕೆ ಉದ್ದ ಬೇಡ. ರಾಡು ಉದ್ದವಾದಷ್ಟೂ ಮೀನಿಗೆ ಸನ್ನೆಕೋಲು ಸಿಗುತ್ತದೆ, ನಿಮ್ಮ ಸೊಂಟಕ್ಕೆ ನೋವು ಸಿಗುತ್ತದೆ.

ದಾರ 40ರಿಂದ 50 ಪೌಂಡ್ ತಡೆಯುವ ಬ್ರೇಡ್ (ನೂಲು ಹೆಣೆದು ಮಾಡಿದ ದಾರ), ಕನಿಷ್ಠ 200 ಮೀಟರ್. ನಮ್ಮ ಕಡೆಯವರು ಮಾಡುವ ಮೊದಲ ತಪ್ಪು ಬ್ರೇಡನ್ನು ಬೋಳು ಸ್ಪೂಲಿಗೆ ನೇರ ಸುತ್ತುವುದು. ಬ್ರೇಡಿಗೆ ಹಿಡಿತವಿಲ್ಲ, ಲೋಹದ ಮೇಲೆ ಇಡೀ ಸುತ್ತೇ ಜಾರುತ್ತದೆ. ಹಿಡಿಕೆ ತಿರುಗುತ್ತದೆ, ಮೀನು ಬರುವುದಿಲ್ಲ, ಡ್ರ್ಯಾಗ್ ಕೆಟ್ಟಿದೆ ಅಂತ ಅದನ್ನೇ ಬಿಗಿ ಮಾಡುತ್ತಾ ಹೋಗುತ್ತಾರೆ. ಅಡಿಗೆ ಹತ್ತು ಮೀಟರ್ ಮಾಮೂಲಿ ತಂಗೂಸಿ ಸುತ್ತಿ, ಅದರ ಮೇಲೆ ಬ್ರೇಡ್ ಸುತ್ತಿ. ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಬೇಕು. ಸಡಿಲ ಸುತ್ತಿದರೆ ಮೀನು ಎಳೆದಾಗ ಮೇಲಿನ ದಾರ ಒಳಪದರಕ್ಕೆ ಕಚ್ಚಿಕೊಂಡು ಕೂರುತ್ತದೆ, ಮುಂದಿನ ಎಸೆತಕ್ಕೆ ಗೋಜಲು. ಹತ್ತು ಮೀಟರಿಗೊಮ್ಮೆ ಬಣ್ಣ ಬದಲಾಗುವ ಬ್ರೇಡ್ ತೆಗೆದುಕೊಂಡರೆ ಆಳದ ಲೆಕ್ಕ ಸುಲಭ. ತಾಂಡೇಲ "ಹದಿನೈದು ಮಾರು ನೀರು" ಅನ್ನುತ್ತಾನೆ. ಹೂವಿನ ಮಾಲೆ ಅಳೆಯುವ ಅದೇ ಮಾರು, ಎರಡೂ ಕೈ ಚಾಚಿದಷ್ಟು, ಹೆಚ್ಚುಕಡಿಮೆ ಆರಡಿ. ಹದಿನೈದು ಮಾರು ಅಂದರೆ 27 ಮೀಟರ್, ಮೂರನೇ ಬಣ್ಣ ಮುಗಿಯುವುದರೊಳಗೆ ಜಿಗ್ ತಳ ಮುಟ್ಟಬೇಕು. ನಾಲ್ಕನೇ ಬಣ್ಣ ಹೋಗುತ್ತಿದ್ದರೆ ನೀರಿನ ಎಳೆತಕ್ಕೆ ದಾರ ಓರೆಯಾಗಿದೆ ಅಂತ ಅರ್ಥ.

ಇನ್ನು ಡ್ರ್ಯಾಗ್. ಇದೊಂದನ್ನು ಸರಿ ಮಾಡಿಕೊಂಡರೆ ಅರ್ಧ ಗೆದ್ದ ಹಾಗೆ. ದಾರದ ತಡೆಯುವ ಶಕ್ತಿಯ ಕಾಲು ಭಾಗಕ್ಕೆ ಡ್ರ್ಯಾಗ್ ಜಾರಬೇಕು. 50 ಪೌಂಡ್ ಅಂದರೆ 22 ಕೆ.ಜಿ. ಚಿಲ್ಲರೆ, ಅದರ ಕಾಲು ಐದೂವರೆ ಕೆ.ಜಿ. 30 ಪೌಂಡಿನ ದಾರಕ್ಕೆ ಮೂರು ಕೆ.ಜಿ. ಚಿಲ್ಲರೆ. ಕೈಯಲ್ಲಿ ಎಳೆದು ನೋಡಿ ಐದು ಕೆ.ಜಿ. ಇದು ಅಂತ ಹೇಳಬಲ್ಲವರನ್ನು ನಾನು ನಂಬುವುದಿಲ್ಲ. ಕೆ.ಜಿ.ಯ ಲೆಕ್ಕ ಬೆರಳಿಗೆ ತಿಳಿಯುವುದಿಲ್ಲ. ತೋಟದ ಮನೆಯಲ್ಲಿ ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ಹೇಗೂ ಇರುತ್ತದೆ. ರೀಲಿನ ದಾರವನ್ನು ರಾಡಿನ ಎಲ್ಲ ಉಂಗುರಗಳಿಂದ ಹಾಯಿಸಿ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಒಬ್ಬರು ರಾಡನ್ನು 45 ಡಿಗ್ರಿಗೆ ಎತ್ತಿ ಹಿಡಿಯಲಿ, ಇನ್ನೊಬ್ಬರು ತಕ್ಕಡಿಯನ್ನು ಹಿಡಿದು ನಿಧಾನ ಹಿಂದಕ್ಕೆ ನಡೆಯಲಿ. ಮುಳ್ಳು ಏರುತ್ತದೆ, ಒಂದು ಕಡೆ ದಾರ ಬಿಡತೊಡಗುತ್ತದೆ. ಈಗ ಮುಳ್ಳನ್ನೇ ನೋಡಿ. ಅಲ್ಲೇ ಅಲ್ಲಾಡದೆ ನಿಂತು ದಾರ ಹರಿಯುತ್ತಿದ್ದರೆ ಒಳ್ಳೆಯದು. ಆರಕ್ಕೆ ಹೋಗಿ ಧಡಕ್ಕನೆ ಮೂರಕ್ಕೆ ಬಿದ್ದು, ಮತ್ತೆ ಆರಕ್ಕೆ ಏರಿ ಹೀಗೆ ಜಗ್ಗುತ್ತಿದ್ದರೆ ಒಳಗಿನ ವಾಷರ್ ಒಣಗಿದೆ ಅಥವಾ ಉಪ್ಪು ಕಟ್ಟಿದೆ. ಅಂಥ ರೀಲು ಕಡಲಿಗೆ ಹೋಗಬಾರದು, ಏಕೆಂದರೆ ಮೀನಿನ ಮೊದಲ ಎಳೆತಕ್ಕೇ ದಾರದ ಮೇಲೆ ಎರಡರಷ್ಟು ಭಾರ ಬೀಳುತ್ತದೆ. ವಾಷರ್ ತೆಗೆದು ಒರೆಸಿ, ಡ್ರ್ಯಾಗಿಗೆಂದೇ ಸಿಗುವ ಗ್ರೀಸನ್ನು ತೆಳ್ಳಗೆ ಸವರಿ ಮತ್ತೆ ತೂಗಿ. ಸರಿಯಾದ ಮೇಲೆ ಡ್ರ್ಯಾಗ್ ಗುಂಡಿಯ ಮೇಲೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಹಾಕಿಕೊಂಡರೆ ಬೋಟಿನಲ್ಲಿ ಅದೇ ಜಾಗಕ್ಕೆ ತರಬಹುದು.

ಒಂದು ಸೂಕ್ಷ್ಮವಿದೆ. ದಾರ ಹೊರಗೆ ಹೋದಂತೆ ಸ್ಪೂಲಿನ ಸುತ್ತು ಸಣ್ಣದಾಗುತ್ತದೆ, ಅದೇ ಡ್ರ್ಯಾಗಿಗೆ ಎಳೆತ ಹೆಚ್ಚು ಬೇಕಾಗುತ್ತದೆ. ತುಂಬಿದ ಸ್ಪೂಲಿನ ಅಡ್ಡಳತೆ 60 ಮಿಲಿಮೀಟರ್ ಇದ್ದಾಗ ನಾಲ್ಕು ಕೆ.ಜಿ.ಗೆ ಜಾರುತ್ತಿದ್ದದ್ದು 40ಕ್ಕೆ ಇಳಿದಾಗ ಆರು ಕೆ.ಜಿ. ಕೇಳುತ್ತದೆ. ಅದರ ಜೊತೆ ನೀರಿನಲ್ಲಿರುವ ಉದ್ದ ದಾರದ ಭಾರ. ಮೀನು ಓಡುತ್ತಿದೆ ಅಂತ ಗಾಬರಿಯಿಂದ ಡ್ರ್ಯಾಗ್ ಬಿಗಿ ಮಾಡುವವರು ದಾರ ತುಂಡಾಗುವ ಕಡೆಗೇ ತಿರುಗಿಸುತ್ತಿರುತ್ತಾರೆ. ಓಡುವಾಗ ಗುಂಡಿಗೆ ಕೈ ಹಚ್ಚಬೇಡಿ. ಡ್ರ್ಯಾಗ್ ಜಾರುತ್ತಿರುವಾಗ ಹಿಡಿಕೆ ತಿರುಗಿಸಲೂ ಬೇಡಿ, ಸ್ಪಿನ್ನಿಂಗ್ ರೀಲಿನಲ್ಲಿ ಪ್ರತಿ ಸುತ್ತಿಗೂ ದಾರಕ್ಕೆ ಮುರಿ ಬೀಳುತ್ತದೆ.

ಗಂಟು

ಬ್ರೇಡಿಗೆ ಬಂಡೆ ತಾಗಿದರೆ ಉಳಿಗಾಲವಿಲ್ಲ, ಅದಕ್ಕೆ ತುದಿಗೆ 60ರಿಂದ 80 ಪೌಂಡಿನ ದಪ್ಪ ತಂಗೂಸಿ ಅಥವಾ ಫ್ಲೋರೋಕಾರ್ಬನ್ ಲೀಡರ್ ಎರಡು ಮೀಟರ್ ಬೇಕು. ಈ ಎರಡನ್ನು ಸೇರಿಸುವ ಗಂಟೇ ಎಲ್ಲಕ್ಕಿಂತ ದುರ್ಬಲ ಜಾಗ. ಎಫ್‌ಜಿ ಗಂಟು ಕಲಿಯಲು ಒಂದು ಸಂಜೆ ಹಿಡಿಯುತ್ತದೆ, ಆದರೆ ತೆಳ್ಳಗಿರುವುದರಿಂದ ರಾಡಿನ ಉಂಗುರದಲ್ಲಿ ತಡೆಯುವುದಿಲ್ಲ.

ಲೀಡರಿನ ಒಂದು ತುದಿಯನ್ನು ಬಾಗಿಲ ಚಿಲಕಕ್ಕೂ ಇನ್ನೊಂದು ಕಡೆಯನ್ನು ಎದುರಿನ ಕಿಟಕಿ ಸರಳಿಗೂ ಕಟ್ಟಿ, ತಂತಿಯಂತೆ ಬಿಗಿಯಾಗಿ ನಿಲ್ಲಿಸಿ. ಬ್ರೇಡಿಗೆ ಈಗ ಎರಡು ಎಳೆ: ರೀಲಿನ ಕಡೆಯಿಂದ ಬರುವುದು, ಮತ್ತು ಬಿಡಿ ತುದಿ. ಹೂ ಕಟ್ಟುವಾಗ ದಾರ ಅಡ್ಡಡ್ಡ ದಾಟುತ್ತದಲ್ಲ, ಹಾಗೆ ಈ ಎರಡು ಎಳೆಗಳನ್ನು ಒಮ್ಮೆ ಲೀಡರಿನ ಮೇಲೆ, ಒಮ್ಮೆ ಕೆಳಗೆ ದಾಟಿಸುತ್ತಾ ಇಪ್ಪತ್ತು ಹೆಣಿಗೆ ಹಾಕಿ. ಪ್ರತಿ ಹೆಣಿಗೆಯನ್ನೂ ಎಳೆದು ಪಕ್ಕದ್ದಕ್ಕೆ ಒತ್ತಿ ಕೂರಿಸಬೇಕು, ನಡುವೆ ಸಂದು ಕಾಣಬಾರದು. ಮುಗಿದ ಮೇಲೆ ರೀಲಿನ ಕಡೆಯ ಅಂಚಿನಲ್ಲಿ ಬಿಡಿ ತುದಿಯಿಂದ ಎರಡು ಅರೆಗಂಟು ಹಾಕಿ, ಉಗುಳು ಹಚ್ಚಿ ಒದ್ದೆ ಮಾಡಿ, ಬ್ರೇಡನ್ನು ಒಂದು ಕಡ್ಡಿಗೆ ಸುತ್ತಿಕೊಂಡು ಪೂರ್ತಿ ಬಲದಿಂದ ಎಳೆಯಿರಿ. ಬರಿಗೈಗೆ ಸುತ್ತಿದರೆ ಬೆರಳು ಕೊಯ್ಯುತ್ತದೆ. ಎಳೆದಾಗ ಹೆಣಿಗೆ ಒಮ್ಮೆ ಬಿಗಿದುಕೊಂಡು ಬ್ರೇಡಿನ ಬಣ್ಣ ಕಪ್ಪೇರುತ್ತದೆ, ಒದ್ದೆ ಬಟ್ಟೆ ಕಪ್ಪಾಗುವ ಹಾಗೆ. ಆ ಬಣ್ಣ ಬಂತೆಂದರೆ ಹೆಣಿಗೆ ಲೀಡರಿಗೆ ಕಚ್ಚಿದೆ. ಬರಲಿಲ್ಲವಾದರೆ ಎಷ್ಟು ಅರೆಗಂಟು ಹಾಕಿದರೂ ವ್ಯರ್ಥ, ಬಿಚ್ಚಿ ಮತ್ತೆ ಹೆಣೆಯಿರಿ. ಆಮೇಲೆ ಇನ್ನು ನಾಲ್ಕು ಅರೆಗಂಟು, ಲೀಡರಿನ ಮಿಕ್ಕ ತುದಿಯನ್ನು ಒತ್ತಾಗಿ ಕತ್ತರಿಸಿ, ಬರೀ ಬ್ರೇಡಿನ ಮೇಲೆ ಕೊನೆಯ ಐದಾರು. ಇದು ಒಗ್ಗದವರು ಡಬಲ್ ಯೂನಿ ಹಾಕಲಿ: ಬ್ರೇಡಿನ ಕಡೆ ಎಂಟು ಸುತ್ತು, ಲೀಡರಿನ ಕಡೆ ನಾಲ್ಕು. ದಪ್ಪವಾಗುತ್ತದೆ, ಆದರೆ ಅರೆಬರೆ ಎಫ್‌ಜಿಗಿಂತ ಚೆನ್ನಾಗಿ ಹಾಕಿದ ಯೂನಿ ಮೇಲು. ಯಾವುದೇ ಗಂಟನ್ನೂ ಒಣಗಿದ್ದಾಗ ಎಳೆಯಬಾರದು, ಉಜ್ಜಿದ ಬಿಸಿಗೆ ದಾರ ಸುಟ್ಟು ಅಲ್ಲೇ ಬಲ ಕಳೆದುಕೊಳ್ಳುತ್ತದೆ.

ಅಂಜಲ್ ಹೆಚ್ಚಿರುವ ಕಾಲದಲ್ಲಿ ಲೀಡರಿನ ತುದಿಗೆ ಒಂದು ಗೇಣು ಸ್ಟೀಲ್ ತಂತಿ ಬೇಕೇ ಬೇಕು. ಅಂಜಲಿನ ಹಲ್ಲು ಕತ್ತರಿ ಇದ್ದಂತೆ, ಮೀನು ಕಚ್ಚಿದ್ದೇ ಕೈಗೆ ಗೊತ್ತಾಗದೆ ಜಿಗ್ ಹೋಗಿರುತ್ತದೆ. ಕೆಂಬೇರಿ, ಮುರು ಮೀನಿಗೆ ತಂತಿ ಬೇಡ, ತಂತಿ ಕಂಡರೆ ಕಚ್ಚುವುದು ಕಡಿಮೆ. ಎರಡನ್ನೂ ಮನೆಯಲ್ಲೇ ಕಟ್ಟಿ ಬೇರೆ ಬೇರೆ ಕವರಿನಲ್ಲಿಟ್ಟು ಒಯ್ಯಿರಿ.

ಜಿಗ್ಗುಗಳು 40, 60, 80, 100 ಗ್ರಾಮಿನವು ತಲಾ ಎರಡು. 20 ಮೀಟರ್ ಆಳಕ್ಕೆ 40–60, 40 ಮೀಟರಿಗೆ 80–100, ನೀರಿನ ಎಳೆತ ಹೆಚ್ಚಿದ್ದರೆ ಒಂದು ಮೆಟ್ಟಿಲು ಮೇಲಕ್ಕೆ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಬಹಳ, ನನಗೆ ತೂಕವೇ ಮುಖ್ಯ ಅನ್ನಿಸುತ್ತದೆ: ತಳ ಮುಟ್ಟದ ಜಿಗ್ಗಿಗೆ ಯಾವ ಬಣ್ಣವಿದ್ದರೇನು. ಹೊಳೆಗೆ ಬಳಸುವ ಕಂದುಬಣ್ಣದ ತೆಳು ಗಾಳ ಇಲ್ಲಿ ನೆಟ್ಟಗಾಗಿಬಿಡುತ್ತದೆ. ಬಿಡಿ ಮೀನಿನ ತುಂಡು ಸಿಕ್ಕಿಸಿ ಹಾಕುವವರಿಗೆ 5/0ದಿಂದ 7/0 ಅಳತೆಯ ಸರ್ಕಲ್ ಗಾಳ (ಮೊನೆ ಒಳಕ್ಕೆ ಬಾಗಿದ್ದು), ಬೊಂಡಾಸ್ (ಸ್ಕ್ವಿಡ್) ಅಥವಾ ಬಂಗುಡೆಯ ಪಟ್ಟಿ, ಅಡಿಗೆ 100–200 ಗ್ರಾಂ ಸೀಸ. ಸೀಸವನ್ನು ಮಾತ್ರ ತೆಳು ದಾರದಲ್ಲಿ ಕಟ್ಟಿ. ಬಂಡೆಗೆ ಸಿಕ್ಕಿಕೊಳ್ಳುವುದು ಅದೇ, ಹೋದರೆ ಅದೊಂದೇ ಹೋಗಲಿ.

ರಾಡು ಒಯ್ಯುವುದಕ್ಕೆ ತೋಟದ ನೀರಾವರಿಗೆ ತಂದು ಮಿಕ್ಕ ಪಿವಿಸಿ ಪೈಪು, ಎರಡೂ ಕಡೆ ಮುಚ್ಚಳ. ಬಸ್ಸಿನ ಡಿಕ್ಕಿಯಲ್ಲಿ ಅಕ್ಕಿ ಮೂಟೆ ಬಿದ್ದರೂ ಏನಾಗುವುದಿಲ್ಲ.

ಬೋಟಿನ ಮೇಲೆ

ಹಿಂದಿನ ಸಂಜೆಯೇ ಘಟ್ಟ ಇಳಿದು ಕೆಳಗೆ ಮಲಗಿ. ರಾತ್ರಿ ಎರಡಕ್ಕೆ ಎದ್ದು ಆಗುಂಬೆಯ 14 ತಿರುವು ಇಳಿದು ನೇರ ಬೋಟಿಗೆ ಹತ್ತಿದವರು ಮೊದಲ ಗಂಟೆಯಲ್ಲೇ ವಾಂತಿಗೆ ಕೂರುತ್ತಾರೆ. ಬಸ್ಸಿನಲ್ಲಿ ತಲೆ ಸುತ್ತುವವರಿಗೆ ಬೋಟಿನಲ್ಲೂ ಸುತ್ತುವ ಸಂಭವ ಹೆಚ್ಚು. ಅಂಥವರು ಡಾಕ್ಟರನ್ನು ಕೇಳಿ ಮಾತ್ರೆಯನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ತಲೆ ತಿರುಗಿದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿದ್ದೆ ಬರಿಸುವ ಮಾತ್ರೆಯಾದ್ದರಿಂದ ಗಾಡಿ ಓಡಿಸುವವರು ಎಚ್ಚರ. ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿ, ಬಾಳೆಹಣ್ಣು ಸಾಕು. ಡೀಸೆಲ್ ಹೊಗೆ ಬರುವ ಕಡೆ ನಿಲ್ಲಬೇಡಿ, ಕಣ್ಣು ದೂರದ ನೀರಿನ ಅಂಚಿನ ಮೇಲಿರಲಿ.

ಜಾಗಕ್ಕೆ ಹೋಗುವ ದಾರಿಯಲ್ಲಿ ಟ್ರೋಲಿಂಗ್ ಮಾಡುತ್ತಾರೆ: ನಾಲ್ಕರಿಂದ ಏಳು ನಾಟ್ ವೇಗ, ಪ್ಲಾಸ್ಟಿಕ್ ಮೀನು 20ರಿಂದ 40 ಮೀಟರ್ ಹಿಂದೆ. ಎರಡು ರಾಡಿದ್ದರೆ ಒಂದನ್ನು ಉದ್ದ, ಒಂದನ್ನು ಗಿಡ್ಡ ಬಿಡಬೇಕು, ತಿರುವಿನಲ್ಲಿ ಇಲ್ಲದಿದ್ದರೆ ಹೆಣೆದುಕೊಳ್ಳುತ್ತವೆ.

ನೀರಿನಡಿಯ ಕಲ್ಲಿನ ನೇರ ಮೇಲಕ್ಕೆ ಬಂದು ಎಂಜಿನ್ ನಿಲ್ಲಿಸಿದಾಗ ಬೋಟು ಗಾಳಿಗೆ ಸರಿಯತೊಡಗುತ್ತದೆ. ಆಗ ಗಾಳಿ ಮುಖಕ್ಕೆ ಬಡಿಯುವ ಮಗ್ಗುಲಲ್ಲಿ ನಿಲ್ಲಿ. ದಾರ ಬೋಟಿನಿಂದ ದೂರ ಹೋಗುತ್ತದೆ. ಇನ್ನೊಂದು ಮಗ್ಗುಲಲ್ಲಿ ನಿಂತವರ ದಾರ ಬೋಟಿನ ಅಡಿಗೆ ನುಗ್ಗಿ ಪ್ರೊಪೆಲ್ಲರಿಗೆ ಉಜ್ಜುತ್ತದೆ. ಜಿಗ್ ತಳ ಮುಟ್ಟಿದ ತಕ್ಷಣ ಎರಡು ಸುತ್ತು ಎತ್ತಿ, ತಳದಲ್ಲಿ ಮಲಗಲು ಬಿಟ್ಟರೆ ಕಲ್ಲಿಗೆ ಸಿಕ್ಕುತ್ತದೆ. ಎತ್ತಿ ಇಳಿಸುತ್ತಾ ಹತ್ತು ಮೀಟರ್ ಮೇಲೆ ತಂದು ಮತ್ತೆ ಬಿಡಿ. ದಾರ 45 ಡಿಗ್ರಿಗಿಂತ ಓರೆಯಾದರೆ ಪೂರ್ತಿ ಸುತ್ತಿಕೊಂಡು ಹೊಸದಾಗಿ ಇಳಿಸಿ. ಹೆಚ್ಚಿನ ಮೀನು ಜಿಗ್ ಕೆಳಗೆ ಬೀಳುವಾಗಲೇ ಹಿಡಿಯುತ್ತದೆ, ಆದ್ದರಿಂದ ಬೀಳುವ ದಾರದ ಮೇಲೆ ಬೆರಳಿರಲಿ, ಇದ್ದಕ್ಕಿದ್ದಂತೆ ನಿಂತರೆ ಸುತ್ತಿ.

ಬೆಂಡು ಮುಳುಗಿದ ಕೂಡಲೇ ಜಗ್ಗಿ ಎತ್ತುವುದು ಹೊಳೆಯಿಂದ ಬಂದ ಕೈಯ ಅಭ್ಯಾಸ. ಸರ್ಕಲ್ ಗಾಳದಲ್ಲಿ ಜಗ್ಗಿದರೆ ಗಾಳ ಮೀನಿನ ಬಾಯಿಂದ ಹಾಗೇ ಜಾರಿ ಬರುತ್ತದೆ. ಮೀನು ತಿರುಗಿ ಹೊರಟು ದಾರ ಭಾರವಾಗುವವರೆಗೆ ಕಾದು, ಸುಮ್ಮನೆ ಸುತ್ತುತ್ತಾ ಹೋದರೆ ಗಾಳ ತಾನೇ ದವಡೆಯ ಮೂಲೆಗೆ ಹೊರಳಿ ಕೂರುತ್ತದೆ. ದೊಡ್ಡ ಮೀನು ಬಿದ್ದಾಗ ಮಿಕ್ಕವರು ತಮ್ಮ ದಾರ ಮೇಲೆತ್ತಲಿ. ರಾಡನ್ನು ಆಕಾಶಕ್ಕೆ ನೆಟ್ಟಗೆ ಎತ್ತಬೇಡಿ. ಮೀನು ಬೋಟಿನ ಅಡಿಯಲ್ಲಿರುವಾಗ ಹೀಗೆ ಮಾಡಿದರೆ ಭಾರವೆಲ್ಲ ತುದಿಯ ತೆಳು ಭಾಗಕ್ಕೆ ಬಿದ್ದು ಅಲ್ಲೇ ಮುರಿಯುತ್ತದೆ.

ದಾರ ತುಂಡಾದಾಗ ಬೈದುಕೊಂಡು ಹೊಸ ಜಿಗ್ ಕಟ್ಟುವ ಮೊದಲು ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ತುದಿ ಹಂದಿಬಾಲದ ಹಾಗೆ ಸುರುಳಿಯಾಗಿದ್ದರೆ ಗಂಟು ಜಾರಿ ಬಿಚ್ಚಿಕೊಂಡಿದೆ, ತಪ್ಪು ನಿಮ್ಮದು. ಒಂದು ಗೇಣಿನವರೆಗೂ ಬೆಳ್ಳಗೆ ಒರಟಾಗಿ ನಾರು ಎದ್ದಿದ್ದರೆ ಬಂಡೆಗೆ ಉಜ್ಜಿದೆ, ಮುರು ಮೀನು ಬಿಲಕ್ಕೆ ನುಗ್ಗಿರಬೇಕು; ಮುಂದಿನ ಸಲ ಮೊದಲ ಐದು ಮೀಟರ್ ಬಿಡದೆ ಎತ್ತಬೇಕು. ಓರೆಯಾಗಿ ನುಣ್ಣಗೆ ಕೊಯ್ದಿದ್ದರೆ ಹಲ್ಲು, ತಂತಿ ಹಾಕಿ. ಗಾಳ ನೆಟ್ಟಗಾಗಿ ಬಂದಿದ್ದರೆ ಡ್ರ್ಯಾಗ್ ಹೆಚ್ಚಾಯಿತು ಅಥವಾ ಗಾಳ ತೆಳುವಾಯಿತು. ಏನೂ ಗುರುತಿಲ್ಲದೆ ನಡು ಬ್ರೇಡಿನಲ್ಲೇ ಹೋಗಿದ್ದರೆ ರಾಡಿನ ಉಂಗುರಗಳನ್ನು ಹತ್ತಿ ತುರುಕಿ ಉಜ್ಜಿ ನೋಡಿ, ಎಳೆ ಸಿಕ್ಕಿಕೊಂಡ ಉಂಗುರದಲ್ಲಿ ಬಿರುಕಿದೆ.

ಮೀನಿನ ಬಾಯಿಗೆ ಕೈ ಹಾಕುವ ಅಭ್ಯಾಸ ಘಟ್ಟದ ಮೇಲೆ ಬಿಟ್ಟು ಬನ್ನಿ. ಅಂಜಲ್, ಬರಾಕುಡಗೆ ಉದ್ದ ಇಕ್ಕಳ. ತೇಡೆ ಮೀನಿನ ಬೆನ್ನಿನ ಮತ್ತು ಪಕ್ಕದ ಮುಳ್ಳಿಗೆ ವಿಷವಿದೆ, ತೊರಕೆಯ ಬಾಲದ ಮುಳ್ಳಿಗೂ. ಚುಚ್ಚಿದರೆ ಚರ್ಮ ತಡೆಯುವಷ್ಟು ಬಿಸಿಯ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುವುದು ಕಾಫಿಗೆ ಮಾತ್ರವಲ್ಲ. ಮುಳ್ಳಿನ ತುಂಡು ಒಳಗುಳಿದಿದ್ದರೆ ದಡಕ್ಕೆ ಬಂದು ಆಸ್ಪತ್ರೆ.

ತಿಮಿಂಗಿಲ ಶಾರ್ಕ್, ಗರಗಸ ಮೀನು, ಕಡಲಾಮೆ, ಕಡಲ ಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ, ಅಕಸ್ಮಾತ್ ಸಿಕ್ಕಿದರೆ ದಾರ ಕತ್ತರಿಸಿ ಬಿಡುವುದೇ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯ ಸುತ್ತ ಸ್ಕೂಬಾದವರು ನೀರಿನಡಿ ಇರುತ್ತಾರೆ, ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿಕೊಂಡ ದ್ವೀಪವೂ ಅದೇ. ತಾಂಡೇಲನಿಗೆ ಅನುಮತಿ ಇರುವ ಜಾಗವಷ್ಟೇ ನಿಮ್ಮ ಜಾಗ. ಆಳದಿಂದ ಎತ್ತಿದ ಮುರು ಮೀನಿನ ಬಾಯಲ್ಲಿ ಉಬ್ಬಿದ ಚೀಲ ಕಾಣುತ್ತದೆ. ಅದು ಹೊರಳಿ ಬಂದ ಹೊಟ್ಟೆ, ಚುಚ್ಚಬಾರದು. ಬಿಡುವುದಾದರೆ ಭಾರ ಕಟ್ಟಿದ ಮೊಂಡು ಕೊಕ್ಕೆಯಲ್ಲಿ ಕೆಳತುಟಿ ಸಿಕ್ಕಿಸಿ ತಳಕ್ಕೆ ಇಳಿಸಿ ಜಗ್ಗಿದರೆ ಕೊಕ್ಕೆ ಬಿಡುತ್ತದೆ, ಒತ್ತಡಕ್ಕೆ ಹೊಟ್ಟೆ ಒಳಗೆ ಹೋಗುತ್ತದೆ. ಹಾಗೇ ಮೇಲೆ ಬಿಟ್ಟರೆ ತೇಲುತ್ತಾ ಸಾಯುತ್ತದೆ. ತಿನ್ನುವಷ್ಟು ಸಾಕು, ಮಿಕ್ಕಿದ್ದು ಬಿಡಿ.

ಮೀನು ಮೇಲೆ ತರುವುದು

ಹಿಡಿದ ಮೀನಿನ ಕಿವಿರು ಕತ್ತರಿಸಿ ಬಕೆಟ್ಟಿನಲ್ಲಿ ರಕ್ತ ಹರಿಸಿ, ಆಮೇಲೆ ಐಸಿಗೆ. ಕೇದಾರ್ (ಟ್ಯೂನಾ), ಬಂಗುಡೆ, ಅಂಜಲ್ ಬಿಸಿಲಲ್ಲಿ ಒಂದೆರಡು ಗಂಟೆ ಬಿದ್ದಿದ್ದರೆ ಮಾಂಸದಲ್ಲಿ ಹಿಸ್ಟಮಿನ್ ಕೂಡುತ್ತದೆ. ತಿಂದವರಿಗೆ ಮುಖ ಕೆಂಪಾಗಿ, ತಲೆನೋವು, ತುರಿಕೆ ಬರುತ್ತದೆ. ವಾಟೆಹುಳಿ ಎಷ್ಟು ಹಾಕಿ ಎಷ್ಟು ಹೊತ್ತು ಕುದಿಸಿದರೂ ಅದು ಹೋಗುವುದಿಲ್ಲ. ಶಿವಮೊಗ್ಗಕ್ಕೆ ನಾಲ್ಕೈದು ಗಂಟೆಯ ದಾರಿ, ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಐಸು ಹಿಡಿಯಿರಿ. ಥರ್ಮೊಕೋಲ್ ಪೆಟ್ಟಿಗೆಯ ಅಡಿಗೆ ಐಸು, ನಡುವೆ ಮೀನು, ಮೇಲೆ ಐಸು. ಮುಚ್ಚಳಕ್ಕೆ ಟೇಪು, ಮತ್ತೆ ದಾರಿಯಲ್ಲಿ ತೆರೆದು ತೋರಿಸುವುದು ಬೇಡ.

ಮನೆಗೆ ಬಂದ ರಾತ್ರಿಯೇ ರೀಲಿನ ಕೆಲಸ ಮುಗಿಯಬೇಕು. ಮಲೆನಾಡಿನಲ್ಲಿ ಇದು ಕರಾವಳಿಗಿಂತ ಹೆಚ್ಚು ಮುಖ್ಯ. ಕಡಲ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅಡುಗೆಮನೆಯ ಭರಣಿಯ ಕಲ್ಲುಪ್ಪು ಮಳೆಗಾಲದಲ್ಲಿ ನೀರೊಡೆಯುತ್ತದಲ್ಲ, ಅದೇ ಕೆಲಸ ಬೇರಿಂಗಿನೊಳಗೆ ನಾಲ್ಕು ತಿಂಗಳು ನಡೆಯುತ್ತದೆ. ಮೇ ತಿಂಗಳಲ್ಲಿ ಚೆನ್ನಾಗಿದ್ದ ರೀಲನ್ನು ಅಟ್ಟಕ್ಕೆ ಹಾಕಿ ಅಕ್ಟೋಬರಿನಲ್ಲಿ ಇಳಿಸಿದರೆ ಮರಳು ಅರೆದಂಥ ಸದ್ದು ಬರುವುದು ಇದರಿಂದ.

ಮೊದಲು ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ನೀರು ವಾಷರಿಗೆ ಹೋಗಬಾರದು. ತಂಬಿಗೆಯಿಂದ ಮೆಲ್ಲಗೆ ಸಿಹಿನೀರು ಹೊಯ್ಯಿರಿ. ಪೈಪಿನ ರಭಸ ಬೇಡ, ಅದು ಉಪ್ಪನ್ನು ಸೀಲಿನೊಳಕ್ಕೆ ತಳ್ಳುತ್ತದೆ. ಬಕೆಟ್ಟಿನಲ್ಲಿ ಇಡೀ ರೀಲನ್ನು ಮುಳುಗಿಸುವುದೂ ಬೇಡ. ಒರೆಸಿ, ಡ್ರ್ಯಾಗ್ ಸಡಿಲ ಮಾಡಿ, ಸ್ಪೂಲನ್ನು ಬಿಚ್ಚಿ ಡ್ರ್ಯಾಗ್ ಭಾಗ ತೆಗೆದಿಟ್ಟು, ದಾರ ಸಮೇತ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಯಲು ಬಿಡಿ. ಬ್ರೇಡಿನ ನೂಲುಗಳ ನಡುವೆ ಸಿಕ್ಕಿಕೊಂಡ ಉಪ್ಪು ಮೇಲಿಂದ ನೀರು ಹೊಯ್ದರೆ ಹೋಗುವುದಿಲ್ಲ. ರಾಡಿನ ಉಂಗುರಗಳ ಬುಡವನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಹಸಿರು ಕಿಲುಬು ಶುರುವಾಗುವುದು ಅಲ್ಲೇ. ಜಿಗ್, ಗಾಳಗಳನ್ನೂ ತೊಳೆದು ಪೂರ್ತಿ ಒಣಗಿಸಿ. ಬಳಸಿದ್ದನ್ನು ಬಳಸದವುಗಳ ಜೊತೆ ಹಾಗೇ ಹಾಕಿದರೆ ಇಡೀ ಡಬ್ಬಿ ತುಕ್ಕು.

ಬಚ್ಚಲ ಹಂಡೆಯ ಪಕ್ಕದ ಗೋಡೆ ರಾತ್ರಿಯೆಲ್ಲ ಬೆಚ್ಚಗಿರುತ್ತದೆ, ಆದರೆ ಅಲ್ಲಿ ಹಬೆಯೂ ಇರುತ್ತದೆ. ಒಲೆಯಿಂದ ದೂರದ, ಗಾಳಿಯಾಡುವ ಮೂಲೆಯಲ್ಲಿ ಎರಡು ದಿನ ಒಣಗಲಿ. ಆಮೇಲೆ ಹಿಡಿಕೆಯ ಕೀಲಿಗೆ, ದಾರ ತಿರುಗುವ ಪುಟ್ಟ ಉರುಳೆಗೆ ಒಂದೊಂದು ಹನಿ ಎಣ್ಣೆ. ಮಳೆಗಾಲಕ್ಕೆ ಇಡುವಾಗ ಜಿಪ್ ಚೀಲಕ್ಕೆ ಹಾಕಿ ಮುಚ್ಚಬೇಡಿ, ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು, ತಿಂಗಳಿಗೊಮ್ಮೆ ತೆಗೆದು ಹಿಡಿಕೆಯನ್ನು ಹತ್ತು ಸುತ್ತು ತಿರುಗಿಸಿ ನೋಡಿ. ಡ್ರ್ಯಾಗ್ ಗುಂಡಿ ಸಡಿಲವೇ ಇರಲಿ.